ಅಪ್ಪನ ಕ್ಯಾಕ್ಟಸ್ಸಿನ ಮಕ್ಕಳು

ಜನವರಿ ಒಂಬತ್ತು, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಬೆಟ್ಟದ ಮೇಲಿನ ನಮ್ಮೂರಲ್ಲಿ ಹೊರಗೆ ಮೂರು ಡಿಗ್ರಿ. ನಮ್ಮ ನರ್ಸರಿಯ ಗಾಜಿನ ಮನೆಯ ಮೇಲೆ ಅಣ್ಣನ ಕಬ್ಬಿಣದ ಸಲಾಕೆಯ ಮೊದಲ ಏಟು ಬಿತ್ತು.

"ಬಾರೋ ಆಚೆ! ನೀರು ಹಾಕಿದ ಕೈ ಮುರೀತೀನಿ!"

ಒಳಗೆ ನನ್ನ ಪಕ್ಕದಲ್ಲಿದ್ದವನು ಹೀಟರ್ ರಿಪೇರಿಯವನು. ವಾರಕ್ಕೊಮ್ಮೆ ಬರಬೇಕಾದವನು ಈ ಚಳಿಗಾಲದಲ್ಲಿ ವಾರಕ್ಕೆ ಮೂರು ಸಲ ಬರುತ್ತಿದ್ದ. ಕೆಡದ ಹೀಟರನ್ನು ಬಿಚ್ಚುತ್ತಿದ್ದ, ಮತ್ತೆ ಜೋಡಿಸುತ್ತಿದ್ದ. ಕ್ಯಾಕ್ಟಸ್ ಸಸಿಗಳ ಸುತ್ತ ಕಟ್ಟಿದ ಪಾಚಿಯನ್ನು ನಾನು ಸೂಜಿಯಿಂದ ಬಿಡಿಸುವಾಗ ನೋಡುತ್ತಿದ್ದ. ನಾನು ತಲೆಯೆತ್ತಿದರೆ ಕಣ್ಣು ತಟ್ಟನೆ ಸ್ಪ್ಯಾನರಿನ ಮೇಲೆ. ಕಿವಿ ಮಾತ್ರ ಕೆಂಪು.

ಕಳೆದ ತಿಂಗಳು ನಾನು ಮೂರು ದಿನ ಜ್ವರದಿಂದ ಮಲಗಿದ್ದೆ. ಸಸಿಗಳ ಬಳಿ ನನ್ನ ಚೀಟಿ ಇತ್ತು: 'ಒಣಗಲು ಬಿಡಬೇಡಿ.' ಮೊದಲ ಚಳಿಗಾಲದ ಸಸಿಗೆ ಇಪ್ಪತ್ತು ಡಿಗ್ರಿಗೆ ಇಳಿಯದ ಬಿಸುಪೂ ಬೇಕು, ತುಸು ತೇವವೂ ಬೇಕು. ಬಲಿತ ಗಿಡಕ್ಕೆ ಈ ಚಳಿಯಲ್ಲಿ ನೀರೇ ವಿಷ. ಅದನ್ನು ನಾನು ಬರೆದಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಬರೆದು ಹೇಳಬೇಕಿಲ್ಲ. ಚೀಟಿ ಓದಿದ ಹೀಟರಿನವನು ಎಲ್ಲ ಗಿಡಕ್ಕೂ ಹೊಟ್ಟೆತುಂಬ ನೀರು ಕುಡಿಸಿದ್ದ. ತೀರಿಹೋದ ಅಪ್ಪ ಮೂವತ್ತೊಂದು ವರ್ಷ ಸಾಕಿದ ಕ್ಯಾಕ್ಟಸ್ ಈ ಬೆಳಿಗ್ಗೆ ಬುಡ ಕೊಳೆತು ಅಣ್ಣನ ಕೈಗೆ ಕುಸಿದು ಬಂತು. ಯಾರೂ ಕೇಳುವ ಮೊದಲೇ ಇವನು, "ನೀರು ಹಾಕಿದ್ದು ನಾನೇ, ಸಾರ್" ಎಂದಿದ್ದ. ಅಣ್ಣ ಸಲಾಕೆ ತರಲು ಹೊರಗೋಡಿದಾಗ ನಾನು ಬಾಗಿಲಿಗೆ ಚಿಲಕ ಹಾಕಿದ್ದೆ.

ಎರಡನೆಯ ಗಾಜು ಹೋಯಿತು. ಬಾಗಿಲು ಒದ್ದು ಒಳಬಂದ ಅಣ್ಣ ಹೀಟರಿಗೂ ಬಾರಿಸಿದ. ಅದು ಒಮ್ಮೆ ಕೆಮ್ಮಿ ಆರಿತು. ಚಳಿ ಚೂರಿಯಂತೆ ನುಗ್ಗಿತು.

"ಓಡಿ!" ಎಂದು ಕಿರುಚಿದೆ.

ಅವನು ಓಡಲಿಲ್ಲ. ಪುಸ್ತಕದಷ್ಟಗಲದ ಸಸಿಯ ಟ್ರೇ ಎತ್ತಿ, ಸ್ವೆಟರಿನೊಳಗೆ ಎದೆಗವಚಿಕೊಂಡ. ಸಲಾಕೆ ಅವನ ಎಡಗೈ ಮೇಲೆ ಬಿತ್ತು. ಒಣ ಕೊಂಬೆ ಮುರಿದಂಥ ಸದ್ದು. ಅವನ ಮುಖ ಸುಣ್ಣದಂತೆ ಬಿಳಿಚಿತು. ಟ್ರೇ ವಾಲಲಿಲ್ಲ.

ಅಣ್ಣ ಮತ್ತೆ ಸಲಾಕೆ ಎತ್ತಿದ. ಕೈಗೆ ಸಿಕ್ಕ ಕುಂಡವನ್ನು, ಮುಳ್ಳಿನ ಸಮೇತ, ಅಣ್ಣನ ಬಲಗೈಗೆ ಅಪ್ಪಳಿಸಿದೆ. ಸಲಾಕೆ ಉರುಳಿತು.

"ಅಯ್ಯಯ್ಯೋ! ರಾಕ್ಷಸಿ!"

"ಆ ಟ್ರೇಲಿರೋದು ಅಪ್ಪನ ಗಿಡದ ಬೀಜ ಕಣೋ! ಅದರ ಮಕ್ಕಳು! ಬೇರೆಲ್ಲೂ ಇಲ್ಲ!"

ಅಣ್ಣ ಗಾಜಿನ ಚೂರುಗಳ ನಡುವೆ ಕುಕ್ಕರಿಸಿದ. ಅಂಗೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಬಹಳ ಹೊತ್ತು ಟ್ರೇಯನ್ನೇ ನೋಡಿದ.

"ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕಂತೆ," ಎಂದೆ.

"ಬಾಯ್ಮುಚ್ಕೊಂಡು ಚಿಮಟ ತಾ. ಆಮೇಲೆ ಆಸ್ಪತ್ರೆ. ಕಾರ್ ತೆಗೀತೀನಿ. ಟ್ರೇನೂ ಬರ್ಲಿ."

ಕಾರಿನ ಹೀಟರ್ ಕೆಟ್ಟಿತ್ತು.

"ನಾನ್ ಮಾಡ್ಕೊಡ್ತೀನಿ ಸಾರ್," ಎಂದ ಹಿಂದಿನ ಸೀಟಿನಲ್ಲಿದ್ದವನು, ಹಲ್ಲು ಕಚ್ಚಿಕೊಂಡು. "ಕೈ ಕೂಡ್ಲಿ."

ಬಟ್ಟೆ ಸುತ್ತಿದ ಬಲಗೈಯಲ್ಲೇ ಅಣ್ಣ ಸ್ಟೇರಿಂಗ್ ತಿರುಗಿಸಿದ.

ನಾನು ಹಿಂದೆ ಹೀಟರಿನವನ ಪಕ್ಕ ಕೂತು, ಅವನ ಮುರಿದ ಕೈಯನ್ನು ನನ್ನ ಶಾಲಿನಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದೆ. "ಎಲ್ಲದಕ್ಕೂ ಯಾಕ್ರೀ ನೀರು ಹಾಕಿದ್ರಿ?"

"ನಿಮಗೆ ಜ್ವರ ಅಂದ್ರು. ಮನೆಯೊಳಗೆ ಬಂದು ನಿಮ್ಮನ್ನ ನೋಡೋಕೆ ನಾನ್ಯಾರು? ನಿಮ್ಮ ಗಿಡಗಳಿಗಾದ್ರೂ ಏನಾದ್ರೂ ಮಾಡೋಣ ಅಂತ... ತಪ್ಪಾಯ್ತು ಮೇಡಂ."

"ಮೇಡಂ ಅನ್ಬೇಡ."

ಅವನು ನನ್ನತ್ತ ತಿರುಗಿದ. ಈ ಸಲ ಕಣ್ಣು ತಪ್ಪಿಸಲು ಸ್ಪ್ಯಾನರ್ ಇರಲಿಲ್ಲ.

"ಅವನಿಗೆ ಇನ್ನೊಂದು ಕೈ ಇದೆ," ಎಂದ ಅಣ್ಣ, ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡುತ್ತ. "ನೆನಪಿರ್ಲಿ."

ಆ ಇನ್ನೊಂದು ಕೈ ಟ್ರೇಯನ್ನು ಎದೆಗೆ ಹಿಡಿದೇ ಇತ್ತು. ನಾನು ಜೇಬಿನಿಂದ ಥರ್ಮಾಮೀಟರ್ ತೆಗೆದು, ಅವನ ಸ್ವೆಟರಿನ ಕುತ್ತಿಗೆಯಿಂದ ಕೈ ಇಳಿಸಿ, ಟ್ರೇಯ ಮಣ್ಣಿಗೆ ಚುಚ್ಚಿದೆ. ಅವನ ಎದೆಬಡಿತ ನನ್ನ ಬೆರಳಿಗೆ ತಾಕಿತು. ಎರಡು ನಿಮಿಷ ಕಾದೆ.

ಇಪ್ಪತ್ತಮೂರು ಡಿಗ್ರಿ.