ಅವಿರೋಧ

"ಎದುರು ನಿಂತಾಕಿ ವೈರಿ ಆಗೇಬಿಡ್ತಾಳೇನು?"

ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದ ಗೀತಾ ಕೇಳಿದಳು. ಸುತ್ತ ಯಾರೂ ಇರಲಿಲ್ಲ. ಕಲ್ಲಿನ ಬಸವಣ್ಣ ಎಂದಿನಂತೆ ಕೇಳಿಸಿಕೊಂಡ.

"ಆಗಂಗಿಲ್ಲ."

ಬೆಚ್ಚಿ ತಿರುಗಿದಳು. ಕಂಬದ ಬಳಿ ಶರಣ! ವಾರದಿಂದ ಅವಳ ಫೋನೆತ್ತದವನು... ಕೈಯಲ್ಲಿ ಬೈಕಿನ ಕೀಲಿ.

ಬನವಾಸಿ ಕಡೆಯ ಆ ಊರಿನಲ್ಲಿ ಪಂಚಾಯ್ತಿ ಚುನಾವಣೆ ಎಂದರೆ ಇದೇ ಕಟ್ಟೆ. ಹಿರಿಯರು ಕೂತು ಶರಣನ ಅಪ್ಪ ಚನ್ನಯ್ಯನವರ ಹೆಸರು ಹೇಳಿ, ಬಸವಣ್ಣನಿಗೆ ಕಾಯಿ ಒಡೆದರೆ ಮುಗಿಯಿತು. ಅವಿರೋಧ ಆಯ್ಕೆ!

ಈ ಸಲ ಗೀತಾ ನಾಮಪತ್ರ ಹಾಕಿದ್ದಳು. ಬೀಗ ಬಿದ್ದ ವಾಚನಾಲಯ ತೆಗೆಸಬೇಕೆಂಬುದೇ ಅವಳ ಹಟ. ಊರಿನ ಹುಡುಗ ಹುಡುಗಿಯರೆಲ್ಲ ಅವಳ ಬೆನ್ನಿಗಿದ್ದರು. ಪ್ರೀತಿಸಿದವನೊಬ್ಬನೇ ಮಾತು ಬಿಟ್ಟಿದ್ದ.

'ಎಷ್ಟಾದರೂ ಅಪ್ಪನ ಮಗನಲ್ಲವೇ...' ಅಂದುಕೊಂಡಳು.

"ಅಪ್ಪಾರು ಕಳಿಸಿದ್ರೇನು?"

"ಹೂಂ. ಮೂರು ಗಂಟಿ ಒಳಗ ನಾಮಪತ್ರ ಹಿಂದ ತಗೊಂಡ್ರ, ಸೋಮವಾರ ನಿಮ್ಮ ಮನಿಗೆ ಹೆಣ್ಣು ಕೇಳಾಕ ಬರ್ತಾರಂತ."

"ಅಂದ್ರ ಲಗ್ನಾನೂ ಅವಿರೋಧ ಆಗ್ಬೇಕು."

ಶರಣ ನಕ್ಕುಬಿಟ್ಟ. ಮರುಕ್ಷಣ ಮೆತ್ತಗಾದ.

"ಅಪ್ಪ ಕೆಟ್ಟವರಲ್ಲ, ಗೀತಾ. ಆದ್ರ ವಿರೋಧ ಅಂದ್ರ ಅವರಿಗೆ ಹಗೆತನ ಅಂತನ ಅರ್ಥ. ವಾರ ಪೂರ್ತಿ ಅದನ್ನ ಬಿಡಿಸಿ ಹೇಳಾಕ ಹತ್ತಿದ್ನಿ. ನಿನ್ನ ಫೋನ್ ಎತ್ತಿದ್ರ, 'ಅಕಿ ಕಲಿಸಿಕೊಟ್ಟಾಳ' ಅಂತಿದ್ರು. ಅದಕ್ಕ ಎತ್ತಲಿಲ್ಲ."

ಅಯ್ಯೋ... ಇವನನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದಳು! ವಾರದಿಂದ ಗಟ್ಟಿಯಾಗಿದ್ದ ಎದೆ ಬೆಣ್ಣೆಯಂತೆ ಕರಗಿತು. ಕಣ್ಣೊರೆಸಿಕೊಂಡು ಎದ್ದು ನಿಂತಳು.

"ಮುಂದಿನ ಸಲ ನಿಂತ್ರಾತು. ನಡಿ, ಪಂಚಾಯ್ತಿಗೆ ಬಿಡು. ಹಿಂದ ತಗೋತೀನಿ."

ಶರಣ ಕೀಲಿಯನ್ನೇ ನೋಡಿದ. ಕಿಸೆಗೆ ಹಾಕಿಕೊಂಡು ಕಟ್ಟೆಯ ಮೇಲೆ ಆರಾಮಾಗಿ ಕುಳಿತ.

"ಹೋದ ಸಲ ನನಗ ವೋಟಿನ ವಯಸ್ಸು ಬಂದಿತ್ತು. ಹೊಸಾ ಅಂಗಿ ಹೊಲಿಸ್ಕೊಂಡಿದ್ನಿ. ಬೆರಳಿಗೆ ಶಾಯಿ ಹತ್ತಲಿಲ್ಲ, ಕೈಗೆ ಕಾಯಿ ಹೋಳು ಬಂತು."

ಅಳುವಿನ ನಡುವೆಯೂ ಅವಳಿಗೆ ನಗು. "ಈಗ ನನಗ ಹಾಕ್ತೀಯೇನು?"

"ಅದು ಗುಟ್ಟು. ನಿನ್ನ ಮ್ಯಾಲಿನ ಮನಸ್ಸು ಗುಟ್ಟಲ್ಲ. ಗೆದ್ರೂ ಸೋತ್ರೂ ನನಗ ಅಕೀನ ಅಂತ ಅಪ್ಪಗ ಹೇಳೇ ಬಂದೀನಿ."

"ಏನಂದ್ರು?"

"ಚಪ್ಪಲಿ ಮೆಟ್ಟಿ ಪ್ರಚಾರಕ್ಕ ಹೊಂಟ್ರು. ಮೊದಲ್ನೇ ಸಲ ಮನಿ ಮನಿಗೆ ಹೋಗಾಕತ್ತಾರ."

ಗೀತಾಳ ಕಣ್ಣು ಮತ್ತೆ ತುಂಬಿತು. ಆ ವಯಸ್ಸಾದ ಜೀವ, ಈ ಬಿಸಿಲಲ್ಲಿ...

"ಪಾಪ, ಶರಣ. ಕೈ ಮುಗೀತೀನಿ, ಗಾಡಿ ತಗಿ."

"ತಗಿಯಂಗಿಲ್ಲ."