ಸೋಮವಾರದ ನಾಲ್ಕೂವರೆ ಗಂಟೆ

ಮಂಗಳವಾರ ಬೆಳಿಗ್ಗೆ ಆರೂವರೆಗೆ ಪ್ರಮೀಳಾ ಟ್ರಾಕ್ಟರಿನ ಸೀಟು ಹತ್ತಿದಳು. ಕೀಲಿ ತಿರುಗಿಸುವ ಮೊದಲು ಮೀಟರು ನೋಡುವುದು ಅವಳ ರೂಢಿ. ನೋಡಿದಳು. ಇಳಿದು ಶೆಡ್ಡಿನ ಗೋಡೆ ನೋಡಿದಳು. ಮತ್ತೆ ಹತ್ತಿ ಮೀಟರು ನೋಡಿದಳು.

ಇಂಜಿನ್ನು ಒಟ್ಟು ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಮೀಟರು ಅದು. ಭಾನುವಾರ ಸಂಜೆ ಅವಳೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮೂವತ್ತೇಳು ಎಂದು ಬರೆದಿದ್ದಳು. ಈಗ ಮೀಟರಿನಲ್ಲಿ ನಲವತ್ತೊಂದೂವರೆ ಇತ್ತು.

ನಡುವೆ ಇದ್ದದ್ದು ಸೋಮವಾರ ಒಂದೇ. ಸೋಮವಾರ ಆ ಊರಲ್ಲಿ ಯಾರೂ ಎತ್ತಿನ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಎತ್ತು ಮಾರಿ ಟ್ರಾಕ್ಟರು ತಂದವರೂ ಆ ರಜೆಯನ್ನು ಟ್ರಾಕ್ಟರಿಗೇ ದಾಟಿಸಿಬಿಟ್ಟಿದ್ದರು. ಹಾಗಾಗಿ ಡೀಸೆಲ್ ಕುಡಿಯುವ ಬಸವನಿಗೂ ವಾರಕ್ಕೊಂದು ದಿನ ನೆಮ್ಮದಿ.

ಪ್ರಮೀಳಾ ಸ್ಟಾರ್ಟ್ ಮಾಡಿ ಕ್ಲಚ್ಚು ಬಿಟ್ಟಳು. ಇಂಜಿನ್ನು ಗುರುಗುಟ್ಟಿತು, ಗಾಡಿ ಮಾತ್ರ ಅರೆಮನಸ್ಸಿನಿಂದ ಕದಲಿತು. ಸುಟ್ಟ ವಾಸನೆ ಬಂತು. ಆಫ್ ಮಾಡಿ, ಸ್ವಲ್ಪ ಹೊತ್ತು ಕಾದು, ಆಯಿಲ್ ಕಡ್ಡಿ ಎಳೆದು ನೋಡಿದಳು. ಆಯಿಲ್ಲು ಕೆಳಗಿನ ಗೆರೆಗಿಂತಲೂ ಕೆಳಗಿತ್ತು.

ತೊಣ್ಣೂರು ಕೆರೆಯ ಕೆಳಗಿನ ಆ ಮನೆಗೆ ಬಂದ ಮೊದಲ ಟ್ರಾಕ್ಟರು ಅದು. ಪುಟ್ಟದು, ಇಪ್ಪತ್ತನಾಲ್ಕು ಎಚ್‌ಪಿ. ತರುವಾಗ ಎರಡು ಷರತ್ತಿದ್ದವು. ಮೊದಲನೆಯದು ಷೋರೂಮಿನದು: ಮೊದಲ ಐವತ್ತು ಗಂಟೆ ಹಗುರ ಕೆಲಸವಷ್ಟೇ, ಭಾರ ಎಳೆಸಿದರೆ ಗ್ಯಾರಂಟಿ ಇಲ್ಲ. ಎರಡನೆಯದು ಮಾವ ಚಲುವಯ್ಯನದು. ಎತ್ತು ಮಾರಿದ ದಿನ ಊಟ ಬಿಟ್ಟು ಕೂತಿದ್ದ ಮುದುಕ, ಮೂರನೇ ದಿನ ಬಾಯಿ ಬಿಟ್ಟಿದ್ದ. ಐವತ್ತು ಗಂಟೆಯ ಮೊದಲ ಸರ್ವೀಸಿನೊಳಗೆ ಗಾಡಿ ಕೈಕೊಟ್ಟರೆ ಅದನ್ನು ಮಾರಿ ಮತ್ತೆ ಎತ್ತು ಕಟ್ಟಬೇಕು. ಪ್ರಮೀಳಾ ಒಪ್ಪಿದ್ದಳು. ಸರ್ವೀಸಿಗೆ ಇನ್ನು ಎಂಟೂವರೆ ಗಂಟೆ ಉಳಿದಿತ್ತು.

ಗಂಡ ನಿಂಗರಾಜು ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಅಟೆಂಡರು. ಬಸ್ಸಿಗೆ ಹೊರಟಿದ್ದವನು ನಿಂತು ಪೊಲೀಸರಿಗೆ ಫೋನು ಮಾಡಿದ. ಗಾಡಿ ಎಲ್ಲಿದೆ ಎಂದು ಕೇಳಿದರು. ಶೆಡ್ಡಿನಲ್ಲೇ ಇದೆ ಎಂದ. ಹಾಗಾದರೆ ಕಳುವಾದದ್ದು ಏನು ಎಂದರು. ನಾಲ್ಕೂವರೆ ಗಂಟೆ ಎಂದು ಹೇಳಲು ಅವನಿಗೇ ನಾಚಿಕೆಯಾಯಿತು.

ಪ್ರಮೀಳಾ ಸುಬ್ರಹ್ಮಣ್ಯಾಚಾರಿಯ ಕುಲುಮೆಗೆ ನಡೆದಳು.

* * *

ಆಚಾರಿಗೆ ಅರವತ್ತೆರಡು. ಮೊದಲು ಕುಳ, ಕುಡುಗೋಲು ಬಡಿಯುತ್ತಿದ್ದವನು ಈಗ ಟ್ರಾಕ್ಟರಿನ ಕಲ್ಟಿವೇಟರು ರಿಪೇರಿ ಮಾಡುತ್ತಾನೆ. ಮಾತು ಕಮ್ಮಿ. ಊರಲ್ಲಿ ಮೂಗುತಿ ಕಳೆದರೂ ಮೋಟರು ಕಳೆದರೂ ಮೊದಲು ಅವನ ಹತ್ತಿರವೇ ಬರುತ್ತಾರೆ, ಪೊಲೀಸರ ಸರದಿ ಆಮೇಲೆ.

ಅವನು ಪ್ರಮೀಳಾಳ ಜೊತೆ ಶೆಡ್ಡಿಗೆ ಬಂದು ಟ್ರಾಕ್ಟರಿಗೆ ಮೂರು ಸುತ್ತು ಹಾಕಿದ.

ಕೀಲಿ ಎಲ್ಲಿರುತ್ತದೆ ಎಂದು ಕೇಳಿದ. ದೇವರ ಫೋಟೋದ ಪಕ್ಕದ ಮೊಳೆಯಲ್ಲಿ, ಬೆಳಿಗ್ಗೆಯೂ ಅಲ್ಲೇ ಇತ್ತು. ಸೋಮವಾರ ಮನೆಯಲ್ಲಿ ಯಾರಿದ್ದರು ಎಂದು ಕೇಳಿದ. ಗಂಡ ಕೆಲಸಕ್ಕೆ ಹೋಗಿದ್ದ. ಅವಳು ಪಾಂಡವಪುರದಲ್ಲಿ ಸಂಘದ ಸಭೆಗೆ ಹೋಗಿ ಸಂಜೆ ಬಂದಿದ್ದಳು. ಮಾವ ಸೋಮವಾರವಿಡೀ ಕೆರೆ ಏರಿಯ ಮೇಲೆ ಕೂತಿರುತ್ತಾನೆ. ಮನೆಗೆ ಬೀಗ ಹಾಕುವ ಪದ್ಧತಿಯೇ ಇಲ್ಲ.

ಆಚಾರಿ ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತ.

"ಚಕ್ರ ನೀನು ತೊಳ್ದ್ಯೇನವ್ವ?"

"ಇಲ್ಲ ಆಚಾರ್ರೆ. ಭಾನುವಾರ ಗದ್ದೆ ಕೆಸರು ಅಂಗೇ ಮೆತ್ಕೊಂಡಿತ್ತು."

ಈಗ ಕೆಸರಿರಲಿಲ್ಲ. ಟೈರು ಕಪ್ಪಗೆ ಮಿಂಚುತ್ತಿತ್ತು. ಆಚಾರಿ ಟೈರಿನ ಸಂದಿಯಿಂದ ಎರಡು ವಸ್ತು ಕಿತ್ತು ಅಂಗೈ ಮೇಲೆ ಇಟ್ಟುಕೊಂಡ. ಒಂದು, ಒಣ ಭತ್ತದ ಹುಲ್ಲಿನ ಎಸಳು. ಇನ್ನೊಂದು, ಕೆಂಪು ಗರಸು ಕಲ್ಲಿನ ಚೂರು. ಕೆರೆ ಕೆಳಗಿನ ಗದ್ದೆಗಳೆಲ್ಲ ಕಪ್ಪು ಜೇಡಿ. ಅಲ್ಲಿ ಕೆಂಪು ಗರಸು ಹುಡುಕಿದರೂ ಸಿಗದು.

ಹಿಂದೆ ನೇಗಿಲು, ಟ್ರೈಲರು ತಗಲಿಸುವ ಕಬ್ಬಿಣದ ಪಟ್ಟಿಯ ಹೊಸ ಬಣ್ಣ ಕಿತ್ತುಹೋಗಿತ್ತು. ಸರಪಳಿ ಉಜ್ಜಿದ ಗುರುತು. ಅದರಲ್ಲೂ ಒಂದು ಕಡೆ ಆಳವಾಗಿ, ಓರೆಯಾಗಿ ಕಚ್ಚಿತ್ತು. ಆಚಾರಿ ಅದರ ಮೇಲೆ ಹೆಬ್ಬೆರಳು ಆಡಿಸಿದ. ಏನೋ ನೆನಪಾದವನಂತೆ ನಿಂತ.

ಕೊನೆಗೆ ಬಾನೆಟ್ಟಿನ ಕಡೆ ಕೈ ತೋರಿಸಿದ. ಅಲ್ಲಿ ವಿಭೂತಿಯ ಮೂರು ಬೆರಳ ಗೆರೆ ಇತ್ತು. ಪ್ರಮೀಳಾ ಇಡುವುದು ಶುಕ್ರವಾರ, ಅದೂ ಅರಿಶಿನ ಕುಂಕುಮ. ಇದು ಅವಳದಲ್ಲ.

"ಇದ್ಯಾವ ಕಳ್ಳನವ್ವ," ಎಂದ ಆಚಾರಿ. "ಗಾಡಿ ಕದ್ದು, ಮೈ ತೊಳ್ದು, ಈಬೂತಿ ಇಟ್ಟು, ಕೀಲಿ ದೇವರ ಪಕ್ಕ ತಗಲಾಕಿ ಓಗವ್ನೆ."

ಅಂಗಳದ ಹೊಂಗೆಮರದ ಕೆಳಗೆ ಚಲುವಯ್ಯ ಎಂದಿನಂತೆ ಈ ಕಡೆಗೆ ಬೆನ್ನು ಹಾಕಿ ಕೂತಿದ್ದ. ಆಚಾರಿ ಅವನನ್ನೂ ವಿಚಾರಿಸಿದ. ಆ ಕಬ್ಬಿಣದ ಕತ್ತೆಯ ಸಹವಾಸ ತನಗೆ ಬೇಡ, ತಾನೇನೂ ಕಂಡಿಲ್ಲ ಎಂದು ಮುದುಕ ತಿರುಗಿಯೂ ನೋಡದೆ ಹೇಳಿದ.

* * *

ಮಧ್ಯಾಹ್ನ ಪಾಂಡವಪುರದಿಂದ ಷೋರೂಮಿನ ಮೆಕ್ಯಾನಿಕ್ಕು ಅರುಣ್ ಬೈಕಿನಲ್ಲಿ ಬಂದ. ಪ್ರಮೀಳಾಗೆ ಇದೇ ಅಂಗಳದಲ್ಲಿ ಎರಡು ದಿನ ಗಾಡಿ ಓಡಿಸಲು ಕಲಿಸಿದವನು ಅವನೇ. ಕ್ಲಚ್ಚು ತುಳಿದು ನೋಡಿ ಮುಖ ಸಣ್ಣ ಮಾಡಿದ. ಗಾಡಿಯ ಶಕ್ತಿ ಮೀರಿ ಏನನ್ನೋ ಎಳೆಸಿದ್ದಾರೆ, ಪ್ಲೇಟು ಕಾದಿದೆ ಎಂದ. ಶನಿವಾರದೊಳಗೆ ವರದಿ ಕಳಿಸಬೇಕು, ಯಾರು ಏನು ಮಾಡಿದರು ಎಂದು ಗೊತ್ತಾಗದಿದ್ದರೆ ತಪ್ಪು ಅವಳ ತಲೆಗೇ ಬರುತ್ತದೆ ಎಂದ. ಅದನ್ನು ಹೇಳುವಾಗ ಅವನಿಗೇ ಬೇಜಾರಾಗಿತ್ತು.

ಸಂಜೆ ಮನೆಗೆ ಬಂದ ನಿಂಗರಾಜು ಒಂದು ಸುದ್ದಿ ತಂದ. ಸೋಮವಾರ ಅರುಣನ ಬೈಕು ದಿಲೀಪನ ಮನೆ ಮುಂದೆ ಇಡೀ ದಿನ ನಿಂತಿತ್ತಂತೆ.

ದಿಲೀಪ ಊರಲ್ಲಿ ಬಾಡಿಗೆಗೆ ಉಳುವವನು. ಅವನದು ದೊಡ್ಡ ಟ್ರಾಕ್ಟರು. ಪ್ರಮೀಳಾ ಗಾಡಿ ತಂದ ಮೇಲೆ ಮೂರು ಮನೆಯವರು ಈ ಸಲ ಅವಳಿಂದಲೇ ಉಳುಮೆ ಮಾಡಿಸುತ್ತೇವೆ ಎಂದಿದ್ದರು. ಆಟಿಕೆ ಗಾಡಿ ಎಷ್ಟು ದಿನ ಆಡುತ್ತದೋ ನೋಡೋಣ ಎಂದು ಅವನು ಟೀ ಅಂಗಡಿಯಲ್ಲಿ ಆಡಿದ ಮಾತು ಎಲ್ಲರ ಕಿವಿಗೂ ಬಿದ್ದಿತ್ತು.

"ಇಬ್ರೂ ಸೇರ್ಕೊಂಡು ಮಾಡವ್ರೆ," ಎಂದು ನಿಂಗರಾಜು ಕುಲುಮೆಗೇ ಹೋಗಿ ಹೇಳಿದ. "ಓಗಿ ಇಡ್ಕೊಳೋಣ ನಡೀರಿ ಆಚಾರ್ರೆ."

ಆಚಾರಿ ಬುಧವಾರ ಬೆಳಿಗ್ಗೆ ಹೋದ, ಆದರೆ ಒಬ್ಬನೇ. ದಿಲೀಪನ ಅಂಗಳದಲ್ಲಿ ದೊಡ್ಡ ಟ್ರಾಕ್ಟರಿನ ಹಿಂಭಾಗ ಬಿಚ್ಚಿ ಹರಡಿತ್ತು. ಭಾನುವಾರ ಅದರ ನೇಗಿಲು ಎತ್ತುವ ಲಿಫ್ಟು ಕೆಟ್ಟಿತ್ತು. ಉಳುಮೆ ಇಲ್ಲದ ಸೋಮವಾರವೇ ಈ ಊರಿನ ರಿಪೇರಿ ದಿನ, ಅದಕ್ಕೇ ಅರುಣ್ ಬಂದಿದ್ದ. ಬೆಳಿಗ್ಗೆಯಿಂದ ಸಂಜೆವರೆಗೂ ಇಬ್ಬರೂ ಗ್ರೀಸಿನಲ್ಲಿ ಮುಳುಗಿದ್ದನ್ನು ಜಗಲಿ ಮೇಲೆ ಕೂತ ನಾಲ್ಕು ಜನ ನೋಡಿದ್ದರು.

"ನನ್ ಮ್ಯಾಲೆ ಅನುಮಾನನಾ ಆಚಾರ್ರೆ?" ದಿಲೀಪನ ಧ್ವನಿ ಇಳಿದಿತ್ತು.

"ನಂಗಿಲ್ಲ ಕಣ್ಲಾ," ಎಂದ ಆಚಾರಿ. "ನಿನ್ ಕೈ ಒರೆಸೋ ಬಟ್ಟೆ ತೋರ್ಸು."

ದಿಲೀಪ ಎಣ್ಣೆ ಕುಡಿದ ಹಳೇ ಬನಿಯನ್ನು ಎತ್ತಿ ತೋರಿಸಿದ. ಆಚಾರಿ ತಲೆಯಾಡಿಸಿ ಹೊರಟ.

* * *

ಅವನು ಊರ ಕಡೆ ಬರಲಿಲ್ಲ. ಮೇಲುಕೋಟೆ ದಿಕ್ಕಿಗೆ ಅರ್ಧ ಮೈಲಿ ನಡೆದು, ಗುಡ್ಡದ ಹಿಂದಿನ ಗೋಮಾಳಕ್ಕೆ ಹೋದ. ಅಲ್ಲಿ ನೆಲ ಕೆಂಪು ಗರಸು. ದನ ಮೇಯಿಸುವವರು ಕಮ್ಮಿಯಾಗಿ ಈಗ ಅಲ್ಲಿಗೆ ಜನವೇ ಹೋಗುವುದಿಲ್ಲ.

ಟ್ರಾಕ್ಟರಿನ ಚಕ್ರದ ಗುರುತು ಸಿಕ್ಕಿತು. ಗುರುತು ದೊಡ್ಡ ಸುತ್ತು ಹಾಕಿತ್ತು. ಸುತ್ತಿನ ಮೇಲೆ ಸುತ್ತು. ಎರಡು ಚಕ್ರದ ನಡುವೆ ಅಗಲವಾದ ಕಾಲುವೆಯಂತೆ ನೆಲ ಕೆತ್ತಿಹೋಗಿತ್ತು. ಅದರ ಕೊನೆಯಲ್ಲಿ ಒಂದು ಜಾಲಿ ದಿಮ್ಮಿ ಬಿದ್ದಿತ್ತು. ಒಬ್ಬ ತಬ್ಬಿದರೆ ಕೈ ಕೂಡದಷ್ಟು ದಪ್ಪ. ಸೊಂಟದಲ್ಲಿ ಸರಪಳಿ ಕಚ್ಚಿದ ಹಸಿ ಗಾಯ.

ಆಚಾರಿ ದಿಮ್ಮಿಯ ಮೇಲೆ ಕೂತು ಒಂದು ಬೀಡಿ ಸೇದಿದ. ಅವನಿಗೆ ನಗು ಬಂತು. ಆಮೇಲೆ ಭಯವಾಯಿತು.

* * *

ಬುಧವಾರ ಸಂಜೆ ನಾಲ್ಕಕ್ಕೆ ಶೆಡ್ಡಿನ ಮುಂದೆ ಎಲ್ಲರೂ ಸೇರಿದರು. ಆಚಾರಿ ಕರೆಸಿದ್ದರಿಂದ ನಿಂಗರಾಜು ಅರ್ಧ ದಿನ ರಜೆ ಹಾಕಿದ್ದ. ಅರುಣ್ ಇದ್ದ, ದಿಲೀಪನೂ ಬಂದಿದ್ದ. ಚಲುವಯ್ಯ ಮರದ ಕೆಳಗೇ ಇದ್ದ.

ಆಚಾರಿ ಮೊದಲು ದಿಲೀಪನನ್ನೂ ಅರುಣನನ್ನೂ ಬಿಡುಗಡೆ ಮಾಡಿದ. ಮೆಕ್ಯಾನಿಕ್ಕಾಗಲಿ ಡ್ರೈವರಾಗಲಿ ಗಾಡಿ ತೊಳೆದರೆ ಬಟ್ಟೆಯಲ್ಲಿ ಒರೆಸುತ್ತಾರೆ. ಈ ಟೈರನ್ನು ಹುಲ್ಲಿನ ಮುದ್ದೆಯಲ್ಲಿ ಉಜ್ಜಿದ್ದರು. ಹುಲ್ಲಿನಲ್ಲಿ ಉಜ್ಜುವುದು ಎತ್ತಿನ ಮೈಯನ್ನು. ಸೋಮವಾರ ಹಣೆಗೆ ವಿಭೂತಿ ಇಡುವುದೂ ಎತ್ತಿಗೇ.

ಗರಸು ಮಣ್ಣಿರುವುದು ಗೋಮಾಳದಲ್ಲಿ. ಅಲ್ಲಿ ಹಿಂದೆ ಏನು ನಡೆಯುತ್ತಿತ್ತು ಎಂದು ವಯಸ್ಸಾದವರಿಗೆ ಗೊತ್ತು. ಹೋರಿ ಪಳಗಿಸುತ್ತಿದ್ದರು. ಹೊಸ ಹೋರಿಯನ್ನು ನೇರವಾಗಿ ಎತ್ತಿನಗಾಡಿಗೆ ಕಟ್ಟುವಂತಿಲ್ಲ. ಅದರ ಹಿಂದೆ ಭಾರದ ದಿಮ್ಮಿ ಕಟ್ಟಿ, ಗರಸು ನೆಲದಲ್ಲಿ ಸುತ್ತು ಹಾಕಿಸಿ, ಮೈಯಲ್ಲಿನ ಮೊಂಡು ಇಳಿಸಬೇಕು. ಅದು ಸುಸ್ತಾಗಿ ನಿಂತ ಮೇಲೆ ಮನೆಗೆ ತಂದು ಮೈ ತೊಳೆದು ಉಜ್ಜಬೇಕು.

ಆಚಾರಿ ಮನೆಯೊಳಗೆ ಹೋಗಿ ಅಟ್ಟದಿಂದ ಹಳೇ ಸರಪಳಿ ಎಳೆದು ತಂದ. ಕಬ್ಬಿಣದ ಪಟ್ಟಿಯ ಮೇಲೆ ಅದನ್ನು ಕೂರಿಸಿದ. ಒಂದು ಕೊಂಡಿಯ ಗಂಟು ಆ ಓರೆ ಗಾಯದಲ್ಲಿ ಸರಿಯಾಗಿ ಕೂತಿತು.

"ಈ ಸರಪಣಿ ನಮ್ಮಪ್ಪ ಮಾಡಿದ್ದು," ಎಂದ. "ಈ ಒಂದು ಕೊಂಡಿ ಮಾತ್ರ ಕಿತ್ತೋಗಿ, ನಾನು ಬೆಸೆದಿದ್ದು. ಅದು ನನ್ ಮೊದಲ್ನೇ ಬೆಸುಗೆ. ಗಂಟು ಬಂದ್ಬುಡ್ತು ಅಂತ ಅಪ್ಪ ಬೆನ್ನಿಗೆ ಬಾರ್ಸಿದ್ದ. ಮರೆಯಾಕಾಯ್ತದಾ? ಸರಪಣಿ ಯಾರ ಮನೇದು ಯೋಳು ಚಲುವಯ್ಯ."

ಚಲುವಯ್ಯ ಎದ್ದು ಬಂದ. ಮೊದಲ ಬಾರಿಗೆ ಟ್ರಾಕ್ಟರಿನ ಕಡೆ ಮುಖ ಮಾಡಿ ನಿಂತ.

"ನಾನೇ ಕಣಾಚಾರಿ," ಎಂದ. "ಅದು ಗಂಟೆ ಎಣಿಸ್ತದೆ ಅಂತ ನಂಗೇನು ಗೊತ್ತು. ಎತ್ತು ಎಣಿಸ್ತಿತ್ತಾ?"

ಅರುಣ್ ಪ್ರಮೀಳಾಗೆ ಕಲಿಸುವಾಗ ಮುದುಕ ಬೆನ್ನು ಹಾಕಿ ಕೂತಿದ್ದನೇ ಹೊರತು ಕಿವಿ ಮುಚ್ಚಿಕೊಂಡಿರಲಿಲ್ಲ. ಗೇರು ಎಲ್ಲಿ, ಕ್ಲಚ್ಚು ಎಲ್ಲಿ, ಎಲ್ಲ ಕೇಳಿಸಿಕೊಂಡಿದ್ದ. ಐವತ್ತು ಗಂಟೆ ಹಗುರ ಕೆಲಸ ಎಂದದ್ದೂ ಕೇಳಿತ್ತು. ಅದನ್ನು ಮಾತ್ರ ನಂಬಲಿಲ್ಲ. ಮೆತ್ತಗೆ ಸಾಕಿದ ಹೋರಿ ಮೊಂಡಾಗುತ್ತದೆ ಎಂಬುದು ಅವನು ಕಂಡ ಸತ್ಯ. ಸೋಮವಾರದ ರಜೆ ನೊಗ ಹೊತ್ತ ಎತ್ತಿಗೇ ಹೊರತು ಪಳಗದ ಹೋರಿಗಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

"ಯಾಕ್ ಮಾವ?" ಪ್ರಮೀಳಾ ಕೇಳಿದಳು. "ಗಾಡಿ ಕೆಡ್ಲಿ, ಎತ್ತು ಬರ್ಲಿ ಅಂತಾನಾ?"

ಸೊಸೆ ಹಾಗೆ ತಿಳಿದುಕೊಳ್ಳುತ್ತಾಳೆ ಎಂದು ಮುದುಕ ಎಣಿಸಿರಲಿಲ್ಲ.

"ನಮ್ಮಣ್ಣ ಚಿಕ್ಕಸ್ವಾಮಿ ಎಂಗೋದ ಅಂತ ಆಚಾರೀನ ಕೇಳು. ಪಳಗದ ಓರಿ ಕಟ್ಕೊಂಡು ನಾಲೆ ಏರಿ ಮ್ಯಾಲೆ ಓದ. ಬೆದರಿ ಗಾಡಿ ಸಮೇತ ನೀರಿಗೆ ಬಿದ್ವು. ನೀನು ದಿನಾ ಅದೇ ಏರಿ ಮ್ಯಾಲೆ ಓಯ್ತೀಯ ಕಣವ್ವ. ನಂಗೆ ನಿದ್ದೆ ಬರಾಕಿಲ್ಲ. ನೀನು ಓಗೋ ಅಷ್ಟ್ರಲ್ಲಿ ಅದರ ಮೊಂಡು ನಾನೇ ಇಳಿಸ್ಬುಡಾನ ಅಂತ."

ಆಮೇಲೆ ಅವನೇ ಮೆಲ್ಲಗೆ ಒಪ್ಪಿಕೊಂಡ. ದಿಮ್ಮಿ ಕಲ್ಲಿಗೆ ಸಿಕ್ಕಿಕೊಂಡಾಗ ಗಾಡಿ ಒಂದು ಸಲ ಮುಂಗಾಲು ಎತ್ತಿತ್ತು, ಥೇಟ್ ಹೋರಿಯ ಹಾಗೆ.

ಪ್ರಮೀಳಾಳ ಸಿಟ್ಟು ಅಲ್ಲೇ ಇಂಗಿಹೋಯಿತು. ಗಾಡಿ ಹಿಂದಕ್ಕೆ ಮಗುಚಿದ್ದರೆ ಮಾವ ಅದರ ಅಡಿಯಲ್ಲಿರುತ್ತಿದ್ದ. ನಾಲ್ಕೂವರೆ ಗಂಟೆಯ ಲೆಕ್ಕ ಹೇಳುವುದಕ್ಕೂ ಯಾರೂ ಉಳಿಯುತ್ತಿರಲಿಲ್ಲ. ಅವಳು ಮುದುಕನ ಕೈ ಹಿಡಿದುಕೊಂಡು ಅತ್ತುಬಿಟ್ಟಳು.

"ಗಾಡಿ ಕೈ ಕೊಡ್ಲಿಲ್ಲ ಮಾವ," ಎಂದಳು. "ನೀವೇ ಅದಕ್ಕೆ ಕೈ ಕೊಟ್ಟಿದ್ದು. ಷರತ್ತು ಇನ್ನೂ ಮುರಿದಿಲ್ಲ."

ಚಲುವಯ್ಯ ಯೋಚಿಸಿ, ನ್ಯಾಯವೇ ಎಂದ.

ಅರುಣ್ ಅಷ್ಟರಲ್ಲಿ ಗಾಡಿಯ ಕೆಳಗೆ ನುಸುಳಿದ್ದ. ಕ್ಲಚ್ಚು ಸರಿಮಾಡಿ, ಆಯಿಲ್ಲು ತುಂಬಿ, ಇಂಜಿನ್ನಿನ ಸದ್ದು ಬಹಳ ಹೊತ್ತು ಕೇಳಿದ. ಇಂಜಿನ್ನಿಗೆ ಪೆಟ್ಟಾಗಿಲ್ಲ. ಕ್ಲಚ್ ಪ್ಲೇಟು ಒಂದೆರಡು ವರ್ಷ ಮೊದಲೇ ಬದಲಿಸಬೇಕಾದೀತು, ಅದರ ಖರ್ಚು ಮನೆಯವರದು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ಓದಿದವರು ನಂಬಿದರೆ ಸಾಕು ಎಂದ. ಉಳಿದ ಎಂಟೂವರೆ ಗಂಟೆ ಭಾರವಿಲ್ಲದೆ, ನಿಧಾನವಾಗಿ ಓಡಿಸಬೇಕು. ಎಷ್ಟು ನಿಧಾನ ಎಂದು ಪ್ರಮೀಳಾ ಕೇಳಿದಳು. ಎತ್ತು ನಡೆದ ಹಾಗೆ ಎಂದ ಅರುಣ್.

ಅವಳು ಮಾವನ ಕಡೆ ತಿರುಗಿದಳು.

* * *

ಗುರುವಾರ ಬೆಳಿಗ್ಗೆ ನಾಲೆ ಏರಿಯ ಮೇಲೆ ಊರವರು ಒಂದು ಮೆರವಣಿಗೆ ಕಂಡರು. ಮುಂದೆ ಹೆಗಲ ಮೇಲೆ ಟವೆಲು ಹಾಕಿಕೊಂಡು ಚಲುವಯ್ಯ. ಇಪ್ಪತ್ತು ಹೆಜ್ಜೆ ಹಿಂದೆ, ಅವನ ನಡಿಗೆಯ ವೇಗಕ್ಕೇ, ಪ್ರಮೀಳಾಳ ಟ್ರಾಕ್ಟರು. ಬದಿಯಲ್ಲಿ ನಿಂತ ದಿಲೀಪ ನಗಲು ಹೊರಟವನು ನಗಲಿಲ್ಲ.

ಅಣ್ಣ ಬಿದ್ದ ಜಾಗದಲ್ಲಿ ಮುದುಕ ಕೈ ಎತ್ತಿದ. ಗಾಡಿ ನಿಂತಿತು. ಅವನು ಹಿಂದೆ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಅದು ಬೆಚ್ಚಗಿತ್ತು, ಬೆದರಿರಲಿಲ್ಲ. ಅವನು ಮತ್ತೆ ಮುಂದೆ ನಡೆದ. ಗಾಡಿ ಹಿಂದೆಯೇ ಹೋಯಿತು.

ಮುಂದಿನ ಸೋಮವಾರ ಟ್ರಾಕ್ಟರಿಗೆ ರಜೆ. ಸಂಜೆ ಪಾಂಡವಪುರದಿಂದ ಬಂದ ಪ್ರಮೀಳಾ ಮೊದಲು ಶೆಡ್ಡಿಗೆ ಹೋದಳು. ಗೋಡೆ ನೋಡಿದಳು, ಮೀಟರು ನೋಡಿದಳು. ಒಂದು ನಿಮಿಷವೂ ಕದಲಿರಲಿಲ್ಲ. ವಿಭೂತಿ ಮಾತ್ರ ಹೊಸದಾಗಿತ್ತು.