ಡ್ರಾಯರಿಗೆ ಬೀಳದ ಫೋನು

ಶನಿವಾರ ಸಂಜೆ ಗಂಗಾವತಿ ಠಾಣೆಗೆ ಬಂದ ವಿಜಯಲಕ್ಷ್ಮಿ ಕುರ್ಚಿ ಎಳೆದುಕೊಟ್ಟರೂ ಕೂಡಲಿಲ್ಲ.

"ನಮ್ಮ ಮನಿಯವ್ರನ್ನ ಒಳಗ ಹಾಕಿ ಚಿಲಕ ಜಡದಾರ್ರಿ. ದಮ್ಮಿನ ಮನಶ್ಯಾ. ಕೊಪ್ಪಳದ ದವಾಖಾನ್ಯಾಗ ಆಕ್ಸಿಜನ್ ಹಚ್ಚ್ಯಾರ. ಉಳೀತಾರೋ ಇಲ್ಲೋ ಗೊತ್ತಿಲ್ಲ."

ಸಬ್‌ ಇನ್‌ಸ್ಪೆಕ್ಟರ್ ದುರಗೇಶ ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದ. ಆಕೆಯ ಗಂಡ ಗವಿಸಿದ್ದೇಶ ಬಿತ್ತನೆ ಬೀಜದ ಕಂಪನಿಯ ಮ್ಯಾನೇಜರ್. ಸಿಬ್ಬಂದಿಯಲ್ಲಿ ಒಗ್ಗಟ್ಟು ಬರಲಿ ಎಂದು ಐವರನ್ನು ಕರೆದುಕೊಂಡು ಎಸ್ಕೇಪ್ ರೂಮ್ ಆಟಕ್ಕೆ ಹೋಗಿದ್ದ. ಹಳೆಯ ಅಕ್ಕಿ ಗಿರಣಿಯ ಗೋದಾಮಿಗೆ ಕಪ್ಪು ಬಣ್ಣ ಬಳಿದು ನಾಗೇಶ ಎಂಬಾತ ಹೊಸದಾಗಿ ನಡೆಸುತ್ತಿದ್ದ ಆಟ ಅದು. ಒಬ್ಬ ಕೈದಿಯಾಗಿ ಒಳಕೋಣೆ ಸೇರಬೇಕು, ಉಳಿದವರು ಒಂದು ತಾಸಿನೊಳಗೆ ಕೀಲಿ ಹುಡುಕಿ ಬಿಡಿಸಬೇಕು. ಕೈದಿಯ ಪಾತ್ರ ಮ್ಯಾನೇಜರೇ ವಹಿಸಿಕೊಂಡಿದ್ದ. ಕೀಲಿ ಸಿಕ್ಕಿತು, ಬಾಗಿಲು ಮಾತ್ರ ತೆರೆಯಲಿಲ್ಲ.

"ಮ್ಯಾಲಿನ ಚಿಲಕ ಆಟದ್ದಲ್ರಿ, ಗೋದಾಮಿನ ಹಳೇ ಚಿಲಕ. ಕತ್ತಲಾಗ ಯಾರಿಗೂ ಕಂಡಿಲ್ಲ," ಎಂದ ನಾಗೇಶ. "ಟೈಮ್ ಮುಗದ ಮ್ಯಾಲೆ ನಾನ ತಗದೆ. ಸರ್ ಬಿದ್ದಿದ್ರು."

"ಕ್ಯಾಮೆರಾ ನೋಡ್ತಿರಲಿಲ್ಲೇನು?"

"ಮಿರ್ಚಿ ಭಜಿ ತಿನ್ನಾಕ ಹೋಗಿದ್ದೆರಿ."

ಗೋದಾಮಿನಲ್ಲಿ ಪಂಚನಾಮೆ ಬರೆಯಲು ಕೂತರೆ ಹೆಡ್‌ ಕಾನ್‌ಸ್ಟೆಬಲ್ ಅಬ್ದುಲರೌಫನಿಗೆ ತಲೆ ಕೆಟ್ಟಿತು. ರಕ್ತ ಬಣ್ಣದ್ದು, ಚಾಕು ರಟ್ಟಿನದು, ತಲೆಬುರುಡೆ ಪ್ಲಾಸ್ಟಿಕ್ಕಿನದು. ಯಾವುದು ಸಾಕ್ಷ್ಯ, ಯಾವುದು ಆಟದ ಸಾಮಾನು? ಪಂಚರಲ್ಲೊಬ್ಬ ನಂಬರಿನ ಬೀಗ ಹಿಡಿದು ಮೂಲೆಗೆ ಕೂತಿದ್ದ. "ಸರ್, ಇನ್ನ ಒಂದ ಅಂಕಿ ಐತ್ರಿ, ತಗದಬಿಡ್ತೀನಿ," ಎಂದಾಗ ದುರಗೇಶ ಬಾಯಿಗೆ ಬಂದದ್ದು ಬೈದ.

ಕ್ಯಾಮೆರಾದ ದೃಶ್ಯ ನೋಡಿ ಸಿಟ್ಟು ನೆತ್ತಿಗೇರಿತು. ಕಂಪನಿ ಎಲ್ಲರಿಗೂ ಒಂದೇ ಹಳದಿ ಟೀ ಶರ್ಟು, ಒಂದೇ ಟೊಪ್ಪಿಗೆ ಕೊಟ್ಟಿತ್ತು. ಕೆಂಪು ಮಬ್ಬು ಬೆಳಕಿನಲ್ಲಿ ಒಂದು ಟೊಪ್ಪಿಗೆ ಬಾಗಿಲ ಬಳಿ ಹೋಗಿ ಕೈ ಎತ್ತಿ ಚಿಲಕ ಸರಿಸುತ್ತದೆ. ಗಂಡೋ ಹೆಣ್ಣೋ ತಿಳಿಯದು. ಅಂಗಿಯೊಳಗೆ ಸೊಂಟದ ಬಳಿ ಏನೋ ಮಿಣುಕಿ ಆರುತ್ತದೆ, ಅಷ್ಟೇ. ಹತ್ತು ಸಲ ತಿರುಗಿಸಿ ನೋಡಿದರೂ ಅದೇನೆಂದು ಹೊಳೆಯಲಿಲ್ಲ.

ಭಾನುವಾರ ಐವರನ್ನೂ ಠಾಣೆಗೆ ಕರೆಸಿದ. ಹಿರಿಯ ಗುಮಾಸ್ತ ಹೊಳಿಯಪ್ಪ ಮೊದಲು ಬಾಯಿಬಿಟ್ಟ.

"ಮ್ಯಾನೇಜರ್ ಕೂಗಿದ್ದು ಕೇಳಿಸ್ತೋ ಇಲ್ಲೋ?"

"ಕೇಳಿಸ್ತ್ರಿ. ಸಾಹೇಬ್ರು ಪಾರ್ಟ್ ಭಾಳ ಛಲೋ ಮಾಡಾಕತ್ಯಾರ ಅನಕೊಂಡ್ವಿ. ಚಪ್ಪಾಳಿ ಹೊಡದ್ವಿ."

ಉಸಿರು ಸಿಗದೆ ಒದ್ದಾಡುವವನಿಗೆ ಚಪ್ಪಾಳೆ! ಐವರದೂ ಒಂದೇ ಪಲ್ಲವಿ: ಚಿಲಕ ನೋಡಿಲ್ಲ, ಆಟ ಅಂದುಕೊಂಡೆವು. ನಡುವೆ ಒಬ್ಬರಲ್ಲ ಒಬ್ಬರ ಫೋನು ರಿಂಗಾಗುತ್ತಲೇ ಇತ್ತು. ಹೊಳಿಯಪ್ಪನದು ನಾಲ್ಕನೆಯ ಸಲ ರಿಂಗಾದಾಗ ದುರಗೇಶ ಮೇಜಿನ ಡ್ರಾಯರ್ ಎಳೆದು ಗದರಿದ.

"ಎಲ್ಲಾರೂ ಫೋನ್ ಇದರಾಗ ಹಾಕ್ರಿ!"

ನಾಲ್ಕು ಫೋನು ಬಿದ್ದವು. ಭವಾನಿ ಎಂಬಾಕೆ ತನ್ನದನ್ನು ಎರಡೂ ಕೈಯಿಂದ ಎದೆಗೊತ್ತಿಕೊಂಡಳು.

"ಡ್ರಾಯರಿಗೆ ಮಾತ್ರ ಹಾಕೂದಿಲ್ರಿ ಸರ್."

ದುರಗೇಶ ಆಕೆಯ ಕೈಯಲ್ಲಿದ್ದ ಫೋನು ನೋಡಿದ. ಕ್ಯಾಮೆರಾದಲ್ಲಿ ಮಿಣುಕಿದ್ದು ಏನೆಂದು ಆಗ ಹೊಳೆಯಿತು.

"ಆಟಕ್ಕ ಹೋಗೂ ಮುಂದ ಫೋನ್ ಹೊರಗ ಇಡಬೇಕಿತ್ತಲ್ಲ?"

"ಅವರು ಇಟ್ರು. ನಾ ಸೊಂಟದಾಗ ಸಿಗಿಸಿಕೊಂಡಿದ್ದೆ."

"ಚಿಲಕ ಹಾಕಿದ್ದು ನೀವ?"

"ಹೌದ್ರಿ."

"ಯಾಕ?"

"ಒಂದ ಗಳಿಗಿ ಕೂಗಲಿ ಅಂತ. ಕೂಗಿದಾಗ ಯಾರೂ ಬರಲಿಲ್ಲಂದ್ರ ಹೆಂಗ ಆಗತೈತಿ ಅನ್ನೂದು ಗೊತ್ತಾಗಲಿ ಅಂತ. ತಗೀಬೇಕಂತ ಎದ್ದೆರಿ. ಅಷ್ಟರಾಗ ಇವರೆಲ್ಲ ಚಪ್ಪಾಳಿ ಹೊಡದ್ರು. ಆರಾಮ ಅದಾರ ಅನಕೊಂಡು ಕುಂತೆ. ಕೀಲಿ ಸಿಕ್ಕ ಮ್ಯಾಲೆ ಹೇಳಾಕ ಹೆದರಿಕಿ ಆತು."

ಹೊಳಿಯಪ್ಪ ತಲೆ ತಗ್ಗಿಸಿದ. ಉಳಿದದ್ದನ್ನು ಅವನೇ ಹೇಳಿದ. ಆಫೀಸಿನಲ್ಲಿ ಬೆಳಿಗ್ಗೆ ಬಂದ ಕೂಡಲೇ ಎಲ್ಲರ ಫೋನೂ ಮ್ಯಾನೇಜರನ ಡ್ರಾಯರಿಗೆ ಬೀಳಬೇಕು, ಊಟದ ಹೊತ್ತಿಗೆ ವಾಪಸ್. ಹೋದ ಆಷಾಢದಲ್ಲಿ ಶ್ರೀರಾಮನಗರದ ಮನೆಯಲ್ಲಿ ಭವಾನಿಯ ಮಗಳನ್ನು ನೋಡಿಕೊಳ್ಳುತ್ತಿದ್ದ ತಾಯಿ ಕಳಕಮ್ಮನಿಗೆ ಎದೆನೋವು ಬಂದಿತ್ತು. ಮುದುಕಿ ಮೂರು ಸಲ ಫೋನು ಮಾಡಿದ್ದಳು. ಡ್ರಾಯರಿನೊಳಗೆ ಗುರ್ ಗುರ್ ಸದ್ದು ಎಲ್ಲರಿಗೂ ಕೇಳಿಸಿತ್ತು. ತೆಗೆಯಿರಿ ಎಂದು ಭವಾನಿ ಕೇಳಿಕೊಂಡರೆ, ರೂಲು ಎಲ್ಲರಿಗೂ ಒಂದೇ ಎಂದಿದ್ದ ಗವಿಸಿದ್ದೇಶ. ಊಟದ ಹೊತ್ತಿಗೆ ಮನೆಯ ಮುಂದೆ ಜನ ಸೇರಿದ್ದರು.

ಕೊಪ್ಪಳದಿಂದ ಸುದ್ದಿ ಬಂತು: ಗವಿಸಿದ್ದೇಶ ಕಣ್ಣು ತೆರೆದಿದ್ದಾನೆ. ಭವಾನಿ ಮುಖ ಮುಚ್ಚಿಕೊಂಡು ಅತ್ತಳು. ಮಹಿಳಾ ಕಾನ್‌ಸ್ಟೆಬಲ್ ಇಮಾಮಬಾನು ಪಕ್ಕದಲ್ಲಿ ನಿಂತು ಸೂರ್ಯ ಮುಳುಗುವ ಮೊದಲೇ ಬಂಧನದ ಕಾಗದಕ್ಕೆ ಸಹಿ ಹಾಕಿಸಿದಳು. ಅಪರಾಧಿ ಸಿಕ್ಕರೂ ದುರಗೇಶನ ಕಸಿವಿಸಿ ಇಳಿಯಲಿಲ್ಲ. ರೂಲಿನವನ ಮೇಲೆ ಯಾವ ಎಫ್‌ಐಆರ್ ಹಾಕಬೇಕು?

ಫೋನನ್ನು ಸಾಕ್ಷ್ಯದ ಮುದ್ದೆಮಾಲು ಎಂದು ಜಪ್ತಿ ಮಾಡಲೇಬೇಕಿತ್ತು. ಭವಾನಿ ಈ ಸಲ ತಾನೇ ಮೇಜಿನ ಮೇಲಿಟ್ಟಳು. ಅಬ್ದುಲರೌಫ ಅದನ್ನು ಬಟ್ಟೆಯ ಚೀಲಕ್ಕೆ ಹಾಕಿ ಅರಗು ಕಾಯಿಸುತ್ತಿದ್ದಂತೆ ಚೀಲದೊಳಗಿಂದ ಗುರ್ ಗುರ್ ಸದ್ದು ಬಂತು. ತೆಳು ಬಟ್ಟೆಯಲ್ಲಿ ಹೆಸರು ಕಾಣುತ್ತಿತ್ತು: ಮಗಳು.

ಭವಾನಿ ಕೈ ಚಾಚಲಿಲ್ಲ. ದುರಗೇಶನ ಮುಖ ನೋಡುತ್ತ ನಿಂತಳು.

"ಸೀಲ್ ಆಮ್ಯಾಲೆ ಮಾಡೂಣು," ಎಂದು ಅವನು ಚೀಲದಿಂದ ಫೋನು ತೆಗೆದು ಆಕೆಯ ಕೈಗಿಟ್ಟ. "ಮೊದಲ ಎತ್ರಿ."